ಶಾಲೆಯ ಫಲಿತಾಂಶದಲ್ಲಿ ಶಾಲೆಯ ಪಾಲು ಎಷ್ಟು?

ಅಮೆರಿಕದ ಒಂದು ಸರ್ಕಾರಿ ಎಲಿಮೆಂಟರಿ ಶಾಲೆ ಎಂದಿಟ್ಟುಕೊಳ್ಳಿ. ಮೂರನೇ ತರಗತಿಯಲ್ಲಿ ಐವತ್ತು ಮಕ್ಕಳು. ರಾಜ್ಯ ನಡೆಸುವ ಗಣಿತ ಪರೀಕ್ಷೆಯಲ್ಲಿ ಕಳೆದ ವರ್ಷ ಶೇ. 64ರಷ್ಟು ಮಕ್ಕಳು ‘ಪ್ರೊಫಿಷಿಯೆಂಟ್’ ಮಟ್ಟ, ಅಂದರೆ ವಿಷಯ ಚೆನ್ನಾಗಿ ಬರುತ್ತದೆ ಎನ್ನುವ ಮಟ್ಟ, ಮುಟ್ಟಿದ್ದರು, ಈ ವರ್ಷ ಶೇ. 56. ಪಟ್ಟಿ ಹೊರಬಿದ್ದ ಸಂಜೆಯೇ ಪೋಷಕರ ನಡುವೆ ಮಾತು ಹಬ್ಬುತ್ತದೆ: ಹೊಸ ಪ್ರಿನ್ಸಿಪಾಲರು ಬಂದಮೇಲೆ ಶಾಲೆ ಕೆಟ್ಟಿತು, ಪಠ್ಯಪುಸ್ತಕ ಬದಲಾಯಿಸಿದ್ದೇ ತಪ್ಪಾಯಿತು, ಮುಂದಿನ ವರ್ಷಕ್ಕೆ ಬೇರೆ ಶಾಲೆ ನೋಡಬೇಕು. ಅದೇ ಶೇಕಡಾವನ್ನು ಮಕ್ಕಳ ಲೆಕ್ಕಕ್ಕೆ ಇಳಿಸಿ ನೋಡಿ. ಕಳೆದ ವರ್ಷ 32 ಮಕ್ಕಳು, ಈ ವರ್ಷ 28. ವ್ಯತ್ಯಾಸ ನಾಲ್ಕೇ ಮಕ್ಕಳದು. ಅದೂ ಅವರೇ ಇವರಲ್ಲ. ಕಳೆದ ವರ್ಷ ಬರೆದವರು ನಾಲ್ಕನೇ ತರಗತಿಗೆ ಹೋಗಿಯಾಗಿದೆ, ಈ ವರ್ಷ ಬರೆದವರು ಬೇರೆಯೇ ಐವತ್ತು ಮಕ್ಕಳು.

ಇಷ್ಟು ಚಿಕ್ಕ ಗುಂಪಿನಲ್ಲಿ ಆಕಸ್ಮಿಕದ ಪಾಲು ದೊಡ್ಡದು. ಅದೇ ಶಿಕ್ಷಕರು, ಅದೇ ಪಾಠ, ಅದೇ ಕೊಠಡಿ ಇದ್ದರೂ ಬ್ಯಾಚು ಬದಲಾದಂತೆ ಫಲಿತಾಂಶ ಅಲುಗುತ್ತದೆ. ಸಂಖ್ಯಾಶಾಸ್ತ್ರದ ಸರಳ ಲೆಕ್ಕ ಹಾಕಿದರೆ, ಐವತ್ತು ಮಕ್ಕಳ ತರಗತಿಯಲ್ಲಿ ಶೇ. 60ರ ಆಸುಪಾಸಿನ ಫಲಿತಾಂಶ, ಶಾಲೆಯಲ್ಲಿ ಏನೇನೂ ಬದಲಾಗದಿದ್ದರೂ, ಸುಮಾರು 7 ಶೇಕಡಾ ಅಂಶ ಮೇಲೆ ಕೆಳಗೆ ಆಡುವುದು ಮಾಮೂಲು. ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವಾಗ ಎರಡೂ ಕಡೆಯ ಅಲುಗಾಟ ಸೇರಿ ಅದು 10 ಅಂಶದ ಹತ್ತಿರ ಹೋಗುತ್ತದೆ. ನಮ್ಮ ಉದಾಹರಣೆಯ 8 ಅಂಶದ ಕುಸಿತ ಅದರೊಳಗೇ ಬಂತು. ಥಾಮಸ್ ಕೇನ್ ಮತ್ತು ಡಗ್ಲಾಸ್ ಸ್ಟೈಗರ್ ಎಂಬ ಅರ್ಥಶಾಸ್ತ್ರಜ್ಞರು ನಾರ್ತ್ ಕೆರೊಲಿನಾದ ಶಾಲೆಗಳ ಅಂಕಗಳನ್ನು ಹಿಡಿದು 2002ರಲ್ಲೇ ಇದನ್ನು ತೋರಿಸಿಕೊಟ್ಟರು. ಪಟ್ಟಿಯ ನೆತ್ತಿಯಲ್ಲಿ ಕೂರುವ ಶಾಲೆಗಳಲ್ಲಿ ಚಿಕ್ಕ ಶಾಲೆಗಳೇ ಹೆಚ್ಚು. ಬುಡದಲ್ಲಿ ಹುಡುಕಿದರೂ ಅವೇ ಹೆಚ್ಚು. ಚಿಕ್ಕ ಶಾಲೆ ಒಳ್ಳೆಯದೆಂದೋ ಕೆಟ್ಟದೆಂದೋ ಇದರ ಅರ್ಥವಲ್ಲ. ಮಕ್ಕಳ ಸಂಖ್ಯೆ ಕಡಿಮೆಯಾದಷ್ಟೂ ಸರಾಸರಿ ಹುಚ್ಚುಹುಚ್ಚಾಗಿ ಕುಣಿಯುತ್ತದೆ, ಅಷ್ಟೇ. ಒಂದು ವರ್ಷದ ಅಂಕ ನೋಡಿ ಶಾಲೆಗೆ ಬಹುಮಾನ ಕೊಡುವುದು, ಮರುವರ್ಷದ ಅಂಕ ನೋಡಿ ಅದೇ ಶಾಲೆಗೆ ನೋಟಿಸು ಕೊಡುವುದು, ಇವೆರಡೂ ಎಷ್ಟೋ ಸಲ ಈ ಕುಣಿತಕ್ಕೆ ಕೊಟ್ಟದ್ದೇ ಆಗಿರುತ್ತದೆ.

ಹಾಗಾದರೆ ಈ ಪರೀಕ್ಷೆ ಯಾಕಿದೆ? ಅಮೆರಿಕದಲ್ಲಿ ಸಾಮೂಹಿಕ ಲಿಖಿತ ಪರೀಕ್ಷೆಯ ಬೇರು 1845ರ ಬೋಸ್ಟನ್ನಿನಲ್ಲಿದೆ. ಅಲ್ಲಿಯವರೆಗೆ ಬಾಯಿಪ್ರಶ್ನೆಯೇ ಪರೀಕ್ಷೆಯಾಗಿತ್ತು, ಶಿಕ್ಷಣ ಸುಧಾರಕ ಹೊರೇಸ್ ಮನ್ ಮತ್ತವರ ಸಂಗಡಿಗರು ಅದನ್ನು ಕಾಗದದ ಮೇಲೆ ತಂದರು. ಇಂದಿನ ರೂಪ ಬಂದದ್ದು 2002ರ ಜನವರಿಯಲ್ಲಿ ಸಹಿಯಾದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆಯಿಂದ. ಮೂರರಿಂದ ಎಂಟನೇ ತರಗತಿಯವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆ ನಡೆಯಬೇಕು, 2014ರ ಹೊತ್ತಿಗೆ ದೇಶದ ಪ್ರತಿಯೊಂದು ಮಗುವೂ ಪ್ರೊಫಿಷಿಯೆಂಟ್ ಆಗಬೇಕು ಎಂದು ಅದು ಹೇಳಿತು. ನೂರಕ್ಕೆ ನೂರು! ಆ ಗುರಿಯನ್ನು ಯಾವ ರಾಜ್ಯವೂ ಮುಟ್ಟಲಿಲ್ಲ. 2015ರ ಡಿಸೆಂಬರಿನಲ್ಲಿ ಬಂದ ‘ಎವೆರಿ ಸ್ಟೂಡೆಂಟ್ ಸಕ್ಸೀಡ್ಸ್’ ಕಾಯ್ದೆ ಹಿಂದುಳಿದ ಶಾಲೆಗಳ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರವನ್ನು ಬಹುಪಾಲು ರಾಜ್ಯಗಳ ಕೈಗೆ ಬಿಟ್ಟಿತು, ಪರೀಕ್ಷೆಯನ್ನು ಮಾತ್ರ ಹಾಗೇ ಉಳಿಸಿಕೊಂಡಿತು. ಎಲಿಮೆಂಟರಿ ಶಾಲೆ ಸಾಮಾನ್ಯವಾಗಿ ಐದನೇ ತರಗತಿಗೆ ಮುಗಿಯುತ್ತದೆ. ಅಂದರೆ ಮೂರು, ನಾಲ್ಕು, ಐದು, ಈ ಮೂರು ತರಗತಿಗಳ ಮಕ್ಕಳ ಕೆಲವು ತಾಸಿನ ಕೆಲಸದ ಮೇಲೆ ಇಡೀ ಶಾಲೆಯ ಹೆಸರು ನಿಂತಿದೆ. ಒಂದನೇ ತರಗತಿಯಲ್ಲಿ ಓದಲು ಕಲಿಸಿದ ಶಿಕ್ಷಕಿಯ ಕೆಲಸ ಅಲ್ಲಿ ನೇರವಾಗಿ ಕಾಣುವುದೇ ಇಲ್ಲ.

ಪಟ್ಟಿಯಲ್ಲಿ ಎಲ್ಲರ ಕಣ್ಣು ಬೀಳುವುದು ‘ಶೇಕಡಾ ಎಷ್ಟು ಮಕ್ಕಳು ಪ್ರೊಫಿಷಿಯೆಂಟ್’ ಎಂಬ ಅಂಕಣದ ಮೇಲೆ. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವ ಅಂಕಣ ಅದೇ. ಪ್ರೊಫಿಷಿಯೆಂಟ್ ಎಂಬುದು ಮನುಷ್ಯರು ಕೂತು ಎಳೆದ ಗೆರೆ. ಶಿಕ್ಷಕರು, ವಿಷಯತಜ್ಞರು ಸೇರಿ ಪ್ರಶ್ನೆಗಳನ್ನು ಒಂದೊಂದಾಗಿ ನೋಡಿ ‘ಇಷ್ಟು ಬಂದರೆ ಸಾಕು’ ಎಂದು ಶಿಫಾರಸು ಮಾಡುತ್ತಾರೆ, ರಾಜ್ಯ ಅದನ್ನು ಒಪ್ಪುತ್ತದೆ ಇಲ್ಲವೇ ತಿದ್ದುತ್ತದೆ. ಗೆರೆ ಸರಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕ್ ರಾಜ್ಯವನ್ನೇ ನೋಡಬಹುದು. ಮೂರರಿಂದ ಎಂಟನೇ ತರಗತಿಯ ಗಣಿತದಲ್ಲಿ 2012ರಲ್ಲಿ ಅಲ್ಲಿ ಸುಮಾರು ಶೇ. 65ರಷ್ಟು ಮಕ್ಕಳು ಪ್ರೊಫಿಷಿಯೆಂಟ್ ಆಗಿದ್ದರು. 2013ರಲ್ಲಿ ಹೊಸ ಪಠ್ಯಕ್ರಮಕ್ಕೆ ತಕ್ಕ ಹೊಸ ಪರೀಕ್ಷೆ, ಹೊಸ ಗೆರೆ ಬಂತು, ಸಂಖ್ಯೆ ಶೇ. 31ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಮಾಯ. ಆ ವರ್ಷ ನ್ಯೂಯಾರ್ಕಿನ ಮಕ್ಕಳಿಗೆ ಗಣಿತ ಮರೆತುಹೋಗಿರಲಿಲ್ಲ.

ರಾಷ್ಟ್ರಮಟ್ಟದಲ್ಲಿ 1969ರಿಂದ ನಡೆಯುತ್ತಿರುವ ‘ನೇಪ್’ ಎಂಬ, ಆಯ್ದ ಕೆಲವು ಮಕ್ಕಳಿಗಷ್ಟೇ ಕೊಡುವ ಪರೀಕ್ಷೆಯ ಪ್ರೊಫಿಷಿಯೆಂಟ್ ಗೆರೆ ಬಹುತೇಕ ರಾಜ್ಯಗಳ ಗೆರೆಗಿಂತ ಎತ್ತರದ್ದು. 2024ರಲ್ಲಿ ನಾಲ್ಕನೇ ತರಗತಿಯ ಓದಿನಲ್ಲಿ ದೇಶದ ಶೇ. 31ರಷ್ಟು ಮಕ್ಕಳು ಮಾತ್ರ ಅದನ್ನು ಮುಟ್ಟಿದರು. ಇದನ್ನು ಹಿಡಿದು ‘ಮೂರರಲ್ಲಿ ಎರಡು ಮಕ್ಕಳಿಗೆ ಓದಲು ಬರುವುದಿಲ್ಲ’ ಎಂದು ಭಾಷಣ ಮಾಡುವವರಿದ್ದಾರೆ. ಅದು ತಪ್ಪು. ನೇಪ್‌ನ ಪ್ರೊಫಿಷಿಯೆಂಟ್ ಎಂದರೆ ತರಗತಿಗೆ ತಕ್ಕ ಮಟ್ಟ ಎಂದಲ್ಲ, ಅದಕ್ಕಿಂತ ಮೇಲಿನದು ಎಂದು ನಡೆಸುವವರೇ ಹೇಳುತ್ತಾರೆ. ನಿಜವಾಗಿ ನಿದ್ದೆ ಕೆಡಿಸಬೇಕಾದದ್ದು ಪಕ್ಕದ ಸಂಖ್ಯೆ: ಅದಕ್ಕಿಂತ ಕೆಳಗಿನ ‘ಬೇಸಿಕ್’ ಗೆರೆಯನ್ನೂ ದಾಟದವರು ಶೇ. 40.

ಗೆರೆ ಎಳೆದಮೇಲೆ ಅದರ ಸುತ್ತ ಒಂದು ವಿಚಿತ್ರ ಒತ್ತಡ ಹುಟ್ಟುತ್ತದೆ. ಗೆರೆಗಿಂತ ಎರಡು ಅಂಕ ಕೆಳಗಿರುವ ಮಗುವನ್ನು ಮೇಲೆತ್ತಿದರೆ ಶಾಲೆಯ ಶೇಕಡಾ ಏರುತ್ತದೆ. ನಲವತ್ತು ಅಂಕ ಕೆಳಗಿರುವ ಮಗು ಇಡೀ ವರ್ಷ ಬೆವರಿಳಿಸಿ ಮೂವತ್ತು ಅಂಕ ಮೇಲೆ ಬಂದರೂ ಶೇಕಡಾ ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ. ಶಿಕ್ಷಕರ ಕೊಠಡಿಗಳಲ್ಲಿ ಗೆರೆಯ ಅಂಚಿನ ಮಕ್ಕಳಿಗೆ ‘ಬಬಲ್ ಕಿಡ್ಸ್’ ಎಂಬ ಹೆಸರೇ ಇದೆ. ಶಾಲೆ ಬಿಟ್ಟಮೇಲಿನ ಟ್ಯೂಷನ್, ಚಿಕ್ಕ ಗುಂಪಿನ ಪಾಠ, ಶಿಕ್ಷಕಿಯ ಬಿಡುವಿನ ಹತ್ತು ನಿಮಿಷ ಮೊದಲು ಸಲ್ಲುವುದು ಅವರಿಗೆ. ಅರ್ಥಶಾಸ್ತ್ರಜ್ಞರಾದ ಡೆರೆಕ್ ನೀಲ್ ಮತ್ತು ಡಯಾನ್ ಶಾನ್‌ಜೆನ್‌ಬಾಕ್ ಶಿಕಾಗೊದ ಐದನೇ ತರಗತಿಯ ಅಂಕಗಳನ್ನು ಜಾಲಾಡಿ 2010ರಲ್ಲಿ ಕಂಡದ್ದು ಇದನ್ನೇ: ಹೊಸ ನಿಯಮ ಬಂದಮೇಲೆ ನಡುವಿನ ಮಕ್ಕಳ ಅಂಕ ಏರಿತ್ತು, ತೀರಾ ಹಿಂದುಳಿದ ಮಕ್ಕಳಿಗೆ ದಕ್ಕಿದ್ದು ಶೂನ್ಯಕ್ಕೆ ಹತ್ತಿರ. ಯಾರನ್ನೂ ಹಿಂದೆ ಬಿಡಬಾರದೆಂದು ಬರೆದ ಕಾಯ್ದೆಯ ಅಳತೆಗೋಲು ಅತ್ಯಂತ ಹಿಂದಿದ್ದವರನ್ನೇ ಲೆಕ್ಕದಿಂದ ಹೊರಗಿಟ್ಟಿತ್ತು. ಇದನ್ನು ಶಿಕ್ಷಕರ ಕಲ್ಲೆದೆ ಎನ್ನಲು ನನಗೆ ಮನಸ್ಸಿಲ್ಲ. ಅವರನ್ನು ಯಾವುದರಿಂದ ಅಳೆಯುತ್ತೇವೋ ಅವರು ಅದರ ಕಡೆಗೇ ವಾಲುತ್ತಾರೆ. ತಪ್ಪು ಅಳತೆಗೋಲಿನದು, ಅದನ್ನು ಕೈಗೆ ಕೊಟ್ಟವರದು.

ಈಗ ತಲೆಬರಹದ ಪ್ರಶ್ನೆಗೆ ಬರೋಣ. ಮಗು ಮೂರನೇ ತರಗತಿಯಲ್ಲಿ ಪರೀಕ್ಷೆಗೆ ಕೂತಾಗ ಅದರ ಬೆನ್ನಿಗೆ ಎಂಟು ವರ್ಷಗಳ ಬದುಕಿದೆ. ಮನೆಯಲ್ಲಿ ಕೇಳಿದ ಮಾತು, ಮಲಗುವ ಮುಂಚೆ ಯಾರೋ ಓದಿ ಹೇಳಿದ ಕತೆ, ಬಾಡಿಗೆ ಕಟ್ಟಲಾಗದೆ ವರ್ಷದ ನಡುವೆ ಮನೆ ಬದಲಾಯಿಸಿದ್ದು, ಕನ್ನಡಕ ಬೇಕಾಗಿದ್ದರೂ ಕೊಡಿಸದೆ ಉಳಿದದ್ದು, ಇವೆಲ್ಲ ಆ ಅಂಕದೊಳಗೆ ಸೇರಿವೆ. 1966ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ ಮತ್ತು ಸಂಗಡಿಗರು ಆರು ಲಕ್ಷದಷ್ಟು ವಿದ್ಯಾರ್ಥಿಗಳ ಮಾಹಿತಿ ಕಲೆಹಾಕಿ ಸರ್ಕಾರಕ್ಕೆ ಕೊಟ್ಟ ವರದಿ ಹೇಳಿದ್ದೂ ಇದನ್ನೇ: ಅಂಕಗಳ ಏರುಪೇರಿನಲ್ಲಿ ಶಾಲೆಗಳ ನಡುವಿನ ವ್ಯತ್ಯಾಸಕ್ಕಿಂತ ಮನೆಯ ಹಿನ್ನೆಲೆ ಹೆಚ್ಚು ತೂಗುತ್ತದೆ. ಆಮೇಲೆ ಬಂದ ಅಧ್ಯಯನಗಳು ಶಿಕ್ಷಕರ ಪಾತ್ರವನ್ನು ಇನ್ನಷ್ಟು ಸ್ಪಷ್ಟವಾಗಿ ಎತ್ತಿ ತೋರಿಸಿವೆ, ಆದರೆ ಈ ಮುಖ್ಯ ಮಾತನ್ನು ಅಳಿಸಿಲ್ಲ.

ಇದರ ಮೇಲೆ ಮನೆ ಮಾರುಕಟ್ಟೆ ಬಂದು ಕೂರುತ್ತದೆ. ಅಮೆರಿಕದಲ್ಲಿ ಬಹುಪಾಲು ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಎಂಬುದು ಮನೆ ಯಾವ ಗಡಿಯೊಳಗಿದೆ ಎಂಬುದರ ಮೇಲೆ ನಿಂತಿದೆ. ಸಾಂಡ್ರಾ ಬ್ಲ್ಯಾಕ್ ಎಂಬ ಅರ್ಥಶಾಸ್ತ್ರಜ್ಞೆ ಮ್ಯಾಸಚೂಸೆಟ್ಸಿನಲ್ಲಿ ಎರಡು ಎಲಿಮೆಂಟರಿ ಶಾಲೆಗಳ ಗಡಿಯ ಆಚೆ ಈಚೆ ಇರುವ ಮನೆಗಳನ್ನು ಹೋಲಿಸಿ 1999ರಲ್ಲಿ ಒಂದು ಲೆಕ್ಕ ಕೊಟ್ಟರು: ಶಾಲೆಯ ಪರೀಕ್ಷಾ ಅಂಕ ಶೇ. 5ರಷ್ಟು ಹೆಚ್ಚಿದ್ದರೆ ಪೋಷಕರು ಮನೆಗೆ ಶೇ. 2.5ರಷ್ಟು ಹೆಚ್ಚು ಬೆಲೆ ಕೊಡುತ್ತಾರೆ. ಅಂಕ ಮೇಲಿದ್ದರೆ ಮನೆ ದುಬಾರಿ, ದುಬಾರಿ ಮನೆ ಕೊಳ್ಳುವವರು ಅನುಕೂಲಸ್ಥರು, ಅನುಕೂಲಸ್ಥರ ಮಕ್ಕಳು ಬಂದರೆ ಅಂಕ ಇನ್ನೂ ಮೇಲೆ. ಈ ಗಾಣ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಶಾಲೆಯೊಳಗಿನ ಪಾಠ ಒಂದಿಷ್ಟೂ ಬದಲಾಗಿರಬೇಕೆಂದಿಲ್ಲ.

ಶಾಲೆಯ ಪಾಲನ್ನು ಬೇರ್ಪಡಿಸಿ ನೋಡಲು ಇರುವುದರಲ್ಲಿ ಒಳ್ಳೆಯ ದಾರಿ ಬೆಳವಣಿಗೆಯನ್ನು ಅಳೆಯುವುದು. ಈ ವರ್ಷದ ಮೂರನೇ ತರಗತಿಯನ್ನು ಕಳೆದ ವರ್ಷದ ಮೂರನೇ ತರಗತಿಗೆ ಹೋಲಿಸುವ ಬದಲು, ಅದೇ ಮಕ್ಕಳು ಮೂರರಿಂದ ನಾಲ್ಕಕ್ಕೆ, ನಾಲ್ಕರಿಂದ ಐದಕ್ಕೆ ಬರುವಾಗ ಎಷ್ಟು ಮುಂದೆ ಬಂದರು ಎಂದು ಕೇಳುವುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರೀರ್ಡನ್ ಶಿಕಾಗೊದ ಸರ್ಕಾರಿ ಶಾಲೆಗಳನ್ನು ಹೀಗೆ ನೋಡಿದಾಗ ಚಿತ್ರವೇ ಬದಲಾಯಿತು. ಸರಾಸರಿ ಅಂಕದಲ್ಲಿ ಅಲ್ಲಿನ ಮಕ್ಕಳು ರಾಷ್ಟ್ರದ ಸರಾಸರಿಗಿಂತ ಕೆಳಗಿದ್ದರು. ಆದರೆ 2009ರಿಂದ 2014ರ ನಡುವೆ, ಮೂರರಿಂದ ಎಂಟನೇ ತರಗತಿಗೆ ಬರುವ ಐದು ವರ್ಷಗಳಲ್ಲಿ, ಅವರು ಸರಾಸರಿ ಆರು ವರ್ಷದಷ್ಟು ಕಲಿತಿದ್ದರು. ಪಟ್ಟಿಯಲ್ಲಿ ‘ಹಿಂದುಳಿದ’ ಶಾಲೆಗಳೆಂದು ಕಾಣುತ್ತಿದ್ದ ಕಡೆ ಮಕ್ಕಳು ದೇಶದ ಉಳಿದೆಡೆಗಿಂತ ಬೇಗ ಕಲಿಯುತ್ತಿದ್ದರು. ಬೆಳವಣಿಗೆಯ ಈ ಅಂಕಣ ಎಷ್ಟೋ ರಾಜ್ಯಗಳ ಶಾಲಾ ವರದಿಗಳಲ್ಲಿ ಈಗ ಇದೆ, ಆದರೆ ಎರಡನೆಯ ಮೂರನೆಯ ಪುಟದಲ್ಲಿ. ಒಂದು ಸಲ ಪುಟ ತಿರುವಿ ನೋಡಿ ಎಂದು ಪೋಷಕರನ್ನು ಕೇಳಿಕೊಳ್ಳುತ್ತೇನೆ. ಅಲ್ಲೂ ಒಂದೇ ವರ್ಷದ ಸಂಖ್ಯೆಯನ್ನು ನಂಬಬೇಡಿ, ಮೂರು ವರ್ಷದ್ದನ್ನು ಸೇರಿಸಿ ನೋಡಿ. ಮೂರನೇ ತರಗತಿಗಿಂತ ಹಿಂದೆ ಪರೀಕ್ಷೆಯೇ ಇಲ್ಲದ್ದರಿಂದ ಎಲಿಮೆಂಟರಿ ಶಾಲೆಯ ಮಟ್ಟಿಗೆ ಈ ಅಳತೆಗೂ ಮೊದಲ ಮೂರು ನಾಲ್ಕು ವರ್ಷಗಳ ದುಡಿಮೆ ಸಿಗುವುದಿಲ್ಲ ಎಂಬುದನ್ನೂ ಮರೆಯಬಾರದು.

ಓದಿನ ಪರೀಕ್ಷೆಯ ವಿಷಯದಲ್ಲಿ ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಗಣಿತದಲ್ಲಿ ಕಲಿಸಿದ್ದನ್ನು ಕೇಳುತ್ತಾರೆ. ಭಿನ್ನರಾಶಿ ಕಲಿಸಿ ಭಿನ್ನರಾಶಿ ಕೇಳುತ್ತಾರೆ. ಓದಿನಲ್ಲಿ ಹಾಗಲ್ಲ. ಎಲ್ಲಿಂದಲೋ ತಂದ ಒಂದು ಗದ್ಯಭಾಗ ಕೊಟ್ಟು ‘ಮುಖ್ಯ ವಿಚಾರ ಯಾವುದು’ ಎನ್ನುತ್ತಾರೆ. ಅದಕ್ಕಾಗಿ ಶಾಲೆಗಳು ಮುಖ್ಯ ವಿಚಾರ ಹುಡುಕುವ ಅಭ್ಯಾಸವನ್ನು ತಿಂಗಳುಗಟ್ಟಲೆ ಮಾಡಿಸುತ್ತವೆ. ಆದರೆ ಓದಿದ್ದು ಅರ್ಥವಾಗುವುದು ಆ ವಿಷಯ ಎಷ್ಟು ಗೊತ್ತಿದೆ ಎಂಬುದರ ಮೇಲೂ ನಿಂತಿದೆ. 1988ರಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಎಂಬ ಸಂಶೋಧಕರು ಏಳು ಮತ್ತು ಎಂಟನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯವೊಂದರ ವಿವರಣೆ ಓದಲು ಕೊಟ್ಟರು. ಪರೀಕ್ಷೆಗಳ ಪ್ರಕಾರ ಓದಿನಲ್ಲಿ ಹಿಂದಿದ್ದ, ಆದರೆ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ‘ಓದಿನಲ್ಲಿ ಹಿಂದಿರುವವನು’ ಎಂಬ ಹಣೆಪಟ್ಟಿ ವಿಷಯ ಬದಲಾದ ಕೂಡಲೇ ಕಳಚಿ ಬಿತ್ತು.

ಇದು ಮನಸ್ಸಿನಲ್ಲಿರಲಿ, ಈಗ ಶಾಲೆಗಳು ಏನು ಮಾಡಿದವು ನೋಡಿ. 2007ರಲ್ಲಿ ‘ಸೆಂಟರ್ ಆನ್ ಎಜುಕೇಷನ್ ಪಾಲಿಸಿ’ ಎಂಬ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಶೇ. 62ರಷ್ಟು ಶಾಲಾ ಜಿಲ್ಲೆಗಳು (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳು) ಎಲಿಮೆಂಟರಿ ತರಗತಿಗಳಲ್ಲಿ ಓದು ಅಥವಾ ಗಣಿತದ ಅವಧಿ ಹೆಚ್ಚಿಸಿದ್ದಾಗಿ ಹೇಳಿದವು. ಶೇ. 44ರಷ್ಟು ಜಿಲ್ಲೆಗಳು ಅದಕ್ಕಾಗಿ ವಿಜ್ಞಾನ, ಸಮಾಜ, ಚಿತ್ರಕಲೆ, ಸಂಗೀತ, ವ್ಯಾಯಾಮ, ಆಟದ ವಿರಾಮಗಳಲ್ಲಿ ಒಂದೋ ಹಲವೋ ಕಡೆ ಸಮಯ ಕತ್ತರಿಸಿದ್ದವು. ಜ್ವಾಲಾಮುಖಿಯ ಪಾಠ, ನದಿಯ ಪಾಠ, ಹಳೆಯ ನಾಗರಿಕತೆಗಳ ಪಾಠ ಎತ್ತಿಬಿಟ್ಟರೆ ಮರುವರ್ಷ ಜ್ವಾಲಾಮುಖಿಯ ಮೇಲಿನ ಗದ್ಯಭಾಗ ಬಂದಾಗ ಮಗು ಯಾವುದನ್ನು ಹಿಡಿದು ಅರ್ಥಮಾಡಿಕೊಳ್ಳಬೇಕು? ಮನೆಯಲ್ಲಿ ಪುಸ್ತಕ, ಪ್ರವಾಸ, ಮಾತುಕತೆ ಇರುವ ಮಗುವಿಗೆ ಆ ತಿಳಿವಳಿಕೆ ಹೇಗೋ ಸಿಗುತ್ತದೆ. ಶಾಲೆಯೊಂದನ್ನೇ ನಂಬಿದ ಮಗುವಿಗೆ ಸಿಗುವುದಿಲ್ಲ. 2002ರ ಕಾಯ್ದೆಯ ಪರಿಣಾಮವನ್ನು ತೂಗಿ ನೋಡಿದ ಅರ್ಥಶಾಸ್ತ್ರಜ್ಞರಾದ ಥಾಮಸ್ ಡೀ ಮತ್ತು ಬ್ರಯನ್ ಜೇಕಬ್ ನಾಲ್ಕನೇ ತರಗತಿಯ ಗಣಿತದಲ್ಲಿ ಸ್ಪಷ್ಟ ಏರಿಕೆ ಕಂಡರು, ಓದಿನಲ್ಲಿ ಕಾಣಲಿಲ್ಲ. ಬೇರನ್ನು ಕತ್ತರಿಸಿ ಎಲೆಗೆ ನೀರು ಹಾಕಿದ್ದೂ ಇದಕ್ಕೊಂದು ಕಾರಣ ಎಂದೇ ನನ್ನ ಅಂದಾಜು.

ಒತ್ತಡ ಮಿತಿಮೀರಿದರೆ ಎಲ್ಲಿಗೆ ಹೋಗುತ್ತದೆ ಎಂಬುದು ಅಟ್ಲಾಂಟಾದಲ್ಲಿ ಬಯಲಾಯಿತು. ಅಲ್ಲಿ ಉತ್ತರಪತ್ರಿಕೆಗಳಲ್ಲಿ ತಪ್ಪು ಉತ್ತರ ಅಳಿಸಿ ಸರಿ ಉತ್ತರ ತುಂಬಿದ ಗುರುತುಗಳು ನಂಬಲಾಗದಷ್ಟು ಸಿಕ್ಕವು. ಜಾರ್ಜಿಯಾ ರಾಜ್ಯದ ತನಿಖಾಧಿಕಾರಿಗಳ 2011ರ ವರದಿಯ ಪ್ರಕಾರ, ಪರಿಶೀಲಿಸಿದ 56 ಶಾಲೆಗಳ ಪೈಕಿ 44ರಲ್ಲಿ ಅಕ್ರಮ ನಡೆದಿತ್ತು. 178 ಶಿಕ್ಷಕರು, ಪ್ರಿನ್ಸಿಪಾಲರು ಅದರಲ್ಲಿ ಪಾಲ್ಗೊಂಡಿದ್ದರು. 2015ರಲ್ಲಿ 11 ಮಂದಿಗೆ ಅಪರಾಧ ಸಾಬೀತಾಯಿತು. ಅದಕ್ಕೂ ಮುಂಚೆ, 2003ರಲ್ಲಿ, ಬ್ರಯನ್ ಜೇಕಬ್ ಮತ್ತು ಸ್ಟೀವನ್ ಲೆವಿಟ್ ಶಿಕಾಗೊದ ಎಲಿಮೆಂಟರಿ ತರಗತಿಗಳಲ್ಲಿ ವರ್ಷಕ್ಕೆ ಕನಿಷ್ಠ ಶೇ. 4ರಿಂದ 5ರಷ್ಟು ಕಡೆ ಇಂಥದ್ದು ನಡೆಯುತ್ತದೆ ಎಂದು ಲೆಕ್ಕ ಹಾಕಿದ್ದರು. ನನಗೆ ನೋವಾಗುವುದು ಆ ಮಕ್ಕಳನ್ನು ನೆನೆದು. ತಿದ್ದಿದ ಅಂಕ ‘ನಿನಗೆ ಎಲ್ಲ ಬರುತ್ತದೆ’ ಎಂದು ಹೇಳಿ, ಬರಬೇಕಾಗಿದ್ದ ಸಹಾಯವನ್ನೇ ಅವರಿಂದ ಕಸಿದುಕೊಂಡಿತು.

ಇಷ್ಟೆಲ್ಲ ಹೇಳಿದಮೇಲೆ ಪರೀಕ್ಷೆಯನ್ನೇ ಕಿತ್ತುಹಾಕಿ ಎಂದು ನಾನು ಹೇಳುತ್ತೇನೆಂದು ಯಾರಾದರೂ ಎಣಿಸಿದರೆ, ಇಲ್ಲ. 2002ರ ಕಾಯ್ದೆ ಮಾಡಿದ ಒಂದು ದೊಡ್ಡ ಉಪಕಾರವೆಂದರೆ ಅಂಕಗಳನ್ನು ಗುಂಪುಗುಂಪಾಗಿ ಬಿಡಿಸಿ ತೋರಿಸಲು ಕಡ್ಡಾಯ ಮಾಡಿದ್ದು: ಬಡ ಮಕ್ಕಳದು ಬೇರೆ, ಅಂಗವಿಕಲ ಮಕ್ಕಳದು ಬೇರೆ, ಇಂಗ್ಲಿಷ್ ಹೊಸದಾಗಿ ಕಲಿಯುತ್ತಿರುವವರದು ಬೇರೆ, ಒಂದೊಂದು ಜನಾಂಗದ ಮಕ್ಕಳದು ಬೇರೆ. ಅಲ್ಲಿಯವರೆಗೆ ಶಾಲೆಯ ಚಂದದ ಸರಾಸರಿಯ ಹಿಂದೆ ಈ ಮಕ್ಕಳು ಮರೆಯಾಗಿದ್ದರು. ಪರೀಕ್ಷೆ ನಿಂತರೆ ಮೊದಲು ಕಾಣೆಯಾಗುವವರು ಅವರೇ. ಕೋವಿಡ್ ನಂತರದ ಹಾನಿ ಎಷ್ಟು, ಯಾರಿಗೆ ಹೆಚ್ಚು ಎಂದು ಗೊತ್ತಾದದ್ದೂ ಪರೀಕ್ಷೆಯಿಂದಲೇ. 2019ರಿಂದ 2022ಕ್ಕೆ ನಾಲ್ಕನೇ ತರಗತಿಯ ಗಣಿತದ ನೇಪ್ ಸರಾಸರಿ 241ರಿಂದ 236ಕ್ಕೆ ಬಿತ್ತು, 2024ರಲ್ಲಿ 237ರಲ್ಲಿತ್ತು.

ಮಿಸಿಸಿಪಿಯ ಕತೆ ನಮಗೆ ಗೊತ್ತಿರುವುದೂ ಹೀಗೇ. ದೇಶದ ಅತಿ ಬಡ ರಾಜ್ಯಗಳಲ್ಲೊಂದಾದ ಅದು 2013ರಲ್ಲಿ ಒಂದು ಕಾನೂನು ತಂದು, ಅಕ್ಷರಕ್ಕೆ ಧ್ವನಿ ಜೋಡಿಸಿ ಓದಿಸುವ ಕ್ರಮದಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟಿತು, ಹಿಂದುಳಿದ ಶಾಲೆಗಳಿಗೆ ಓದಿನ ಮಾರ್ಗದರ್ಶಕರನ್ನು ಕಳಿಸಿತು, ಮೂರನೇ ತರಗತಿಯ ಕೊನೆಗೂ ಓದಲು ಬಾರದ ಮಕ್ಕಳನ್ನು ಅದೇ ತರಗತಿಯಲ್ಲಿ ಉಳಿಸಿಕೊಂಡಿತು. ನಾಲ್ಕನೇ ತರಗತಿಯ ನೇಪ್ ಓದಿನಲ್ಲಿ ಅದರ ಸರಾಸರಿ 2013ರಲ್ಲಿ 209 ಇದ್ದದ್ದು 2019ಕ್ಕೆ 219 ಆಯಿತು. ಉಳಿಸಿಕೊಂಡ ಮಕ್ಕಳು ಒಂದು ವರ್ಷ ದೊಡ್ಡವರಾಗಿ ಪರೀಕ್ಷೆಗೆ ಕೂರುವುದರಿಂದ ಅಂಕ ಏರಿತು ಎಂಬ ತಕರಾರು ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ನೇಪ್‌ನ ಅಂಕವನ್ನು ನಾನು ಹೆಚ್ಚು ನಂಬುತ್ತೇನೆ. ಅದರಲ್ಲಿ ಯಾವ ಮಗುವಿನ, ಯಾವ ಶಾಲೆಯ ಹೆಸರೂ ಹೊರಬರುವುದಿಲ್ಲ. ಒಂದೊಂದು ಮಗುವಿಗೂ ಪ್ರಶ್ನೆಗಳ ಒಂದು ತುಣುಕು ಮಾತ್ರ ಸಿಗುತ್ತದೆ. ಅದಕ್ಕೆಂದು ತರಬೇತಿ ಕೊಡುವ ಆಸೆ ಯಾರಿಗೂ ಹುಟ್ಟುವುದಿಲ್ಲ. ಯಾರ ತಲೆಯ ಮೇಲೂ ಕತ್ತಿ ತೂಗದ ಪರೀಕ್ಷೆಯೇ ಹೆಚ್ಚು ಸತ್ಯ ಹೇಳುತ್ತದೆ.

ಕೊನೆಗೆ ಒಂದು ಲೆಕ್ಕ. 403ರಲ್ಲಿ 87 ಕಳೆಯಬೇಕು. ಮೂರನೇ ತರಗತಿಯ ಮೂರು ಮಕ್ಕಳು ಮೂರು ತಪ್ಪು ಉತ್ತರ ಬರೆದಿದ್ದಾರೆ. ಮೊದಲನೆಯದು 484. ಈ ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ: ಏಳರಲ್ಲಿ ಮೂರು ಹೋದರೆ ನಾಲ್ಕು, ಎಂಟರಲ್ಲಿ ಸೊನ್ನೆ ಹೋದರೆ ಎಂಟು. ಪಕ್ಕದ ಸ್ಥಾನದಿಂದ ಕಡ ತರುವುದೆಂಬ ಮಾತೇ ಅದಕ್ಕೆ ಇನ್ನೂ ಗೊತ್ತಿಲ್ಲ. ಎರಡನೆಯದು 226. ಈ ಮಗುವಿಗೆ ಕಡ ತರುವುದು ಗೊತ್ತು, ಆದರೆ ಹತ್ತರ ಸ್ಥಾನದಲ್ಲಿ ಸೊನ್ನೆ ಕಂಡು ಎರಡು ಸಲವೂ ನೂರರ ಮನೆಗೇ ಹೋಗಿ ನಾಲ್ಕನ್ನು ಎರಡು ಮಾಡಿದೆ. ಮೂರನೆಯದು 326. ಇದು ನೂರರಿಂದ ಸರಿಯಾಗಿಯೇ ಕಡ ತಂದಿದೆ, ಹತ್ತರ ಸ್ಥಾನದಲ್ಲಿ ಹತ್ತು ಇಟ್ಟಿದೆ. ಅದರಲ್ಲಿ ಒಂದನ್ನು ಬಿಡಿ ಸ್ಥಾನಕ್ಕೆ ಕೊಟ್ಟಮೇಲೆ ಒಂಬತ್ತು ಉಳಿಯುತ್ತದೆ ಎಂಬುದನ್ನು ಮಾತ್ರ ಮರೆತಿದೆ. ಸರಿ ಉತ್ತರ 316. ಮೂರನೇ ಮಗುವಿನ ಪಕ್ಕ ಐದು ನಿಮಿಷ ಕೂತರೆ ಸಾಕು. ಮೊದಲನೆಯದಕ್ಕೆ ಕೆಲವು ವಾರಗಳಾದರೂ ಬೇಕು, ಕಡ್ಡಿ ಕಟ್ಟುಗಳನ್ನು ಕೈಯಲ್ಲಿ ಬಿಚ್ಚಿ ಕಟ್ಟಿ ತೋರಿಸಬೇಕು.

ಪರೀಕ್ಷೆಯ ಲೆಕ್ಕದಲ್ಲಿ ಮೂವರಿಗೂ ಸೊನ್ನೆ. ಶಿಕ್ಷಕರ ಕೈಗೆ ಬರುವ ವರದಿಯಲ್ಲಿ ಈ ಉತ್ತರಗಳು ಇರುವುದು ಅಪರೂಪ. ‘ಸಂಖ್ಯೆಗಳು ಮತ್ತು ಕ್ರಿಯೆಗಳು: ನಿರೀಕ್ಷಿತ ಮಟ್ಟಕ್ಕಿಂತ ಕೆಳಗೆ’ ಎಂಬ ಒಂದು ಸಾಲು ಇರುತ್ತದೆ, ಅದರ ಪಕ್ಕ ಒಂದು ಬಣ್ಣದ ಪಟ್ಟಿ. ಅದೂ ವಸಂತದಲ್ಲಿ ಬರೆದ ಪರೀಕ್ಷೆಗೆ ಎಷ್ಟೋ ಕಡೆ ಬೇಸಿಗೆ ರಜೆ ಬಂದಮೇಲೆ, ಕೆಲವು ಕಡೆ ಶಾಲೆ ಮತ್ತೆ ತೆರೆಯುವ ಹೊತ್ತಿಗೆ. ಅಷ್ಟರಲ್ಲಿ 326 ಬರೆದ ಮಗು ನಾಲ್ಕನೇ ತರಗತಿಯ ಕೊಠಡಿಯಲ್ಲಿ, ಬೇರೆ ಶಿಕ್ಷಕಿಯ ಮುಂದೆ ಕೂತಿರುತ್ತದೆ. ಕರಿಹಲಗೆಯ ಮೇಲೆ ದೊಡ್ಡ ಭಾಗಾಕಾರದ ಲೆಕ್ಕ ಇಳಿಯುತ್ತಿರುತ್ತದೆ, ಅದರ ಪ್ರತಿ ಹಂತದಲ್ಲೂ ಒಂದು ಕಳೆಯುವ ಲೆಕ್ಕ ಇರುತ್ತದೆ.